ದಪ್ಪ ಗೆರೆ, ಕಿರಿದಗಲ, ದುಂಡು ಮೂಲೆ

ಭಿತ್ತಿಪತ್ರ, ಪತ್ರಿಕೆಯ ತಲೆಬರಹ, ಅಂಗಡಿಯ ಫಲಕ ಮುಂತಾದೆಡೆಗಳಲ್ಲಿ ದೂರದಿಂದಲೇ ಕಣ್ಸೆಳೆಯಲೆಂದು ರಚಿತವಾದ ಅಕ್ಷರಗಳಲ್ಲಿ, ಗೆರೆ ದಪ್ಪವಾಗಿಯೂ ಅಗಲ ಕಿರಿದಾಗಿಯೂ ಮೂಲೆಗಳು ದುಂಡಾಗಿಯೂ ಇರುವ ಒಂದು ಕುಲವುಂಟು. ಫ್ರೆಡ್ ಲ್ಯಾಂಬರ್ಟ್ 1963ರಲ್ಲಿ ಇಂಗ್ಲೆಂಡಿನ ಲೆಟ್ರಾಸೆಟ್ ಸಂಸ್ಥೆಗಾಗಿ ರಚಿಸಿದ ‘ಕಂಪ್ಯಾಕ್ಟ’, ಜೆಫ್ರಿ ಲೀ ರಚಿಸಿ 1965ರಲ್ಲಿ ಶೆಫೀಲ್ಡಿನ ಸ್ಟೀಫನ್‌ಸನ್ ಬ್ಲೇಕ್ ಸಂಸ್ಥೆಯು ಅಚ್ಚುಮೊಳೆಯಾಗಿ ಹೊರತಂದ ‘ಇಂಪ್ಯಾಕ್ಟ್’, ಇವೆರಡೂ ಆ ಕುಲದವು. ಪರಿಚಯಕ್ಕೆ ಇಷ್ಟು ಸಾಕು.

ಕಿರಿದಗಲದ ಅಕ್ಷರವೆಂದರೆ ಅಗಲವಾದ ಅಕ್ಷರವನ್ನು ಎರಡು ಪಕ್ಕಗಳಿಂದ ಅಮುಕಿದ್ದು ಎಂಬ ಭಾವನೆ ಬಹುಜನರಲ್ಲಿ ರೂಢಮೂಲವಾಗಿದೆ. ಈ ವಿಷಯವನ್ನು ವಿವರಿಸುವಾಗಲೆಲ್ಲ ಕೇಳುವವರು ಎಡವುವುದು ಇಲ್ಲಿಯೇ ಆದುದರಿಂದ ಕೊಂಚ ನಿಲ್ಲೋಣ. 10 ಮಿಲಿಮೀಟರ್ ದಪ್ಪದ ಗೆರೆಯಿಂದಾದ ಇಂಗ್ಲಿಷಿನ ‘ಓ’ ಅಕ್ಷರವನ್ನು ಅರ್ಧದಗಲಕ್ಕೆ ಅಮುಕಿದರೆ, ಪಕ್ಕೆಯ ಗೆರೆಗಳು 5 ಮಿಲಿಮೀಟರಿಗೆ ಇಳಿಯುವುವು. ಮೇಲುಕೆಳಗಿನವು ಮಾತ್ರ 10 ಆಗಿಯೇ ಉಳಿದು, ಅಕ್ಷರದ ತಲೆಯೂ ಪಾದವೂ ಭಾರವಾಗಿ ನಡು ಸೊರಗುವುದು. ನಿಪುಣನಾದವನು ಮಾಡುವುದು ಇದಕ್ಕೆ ತೀರ ವಿರುದ್ಧ: ಪಕ್ಕೆಯ ದಪ್ಪವನ್ನು ಕಾಪಾಡಿಕೊಂಡು, ಅಡ್ಡಗೆರೆಯನ್ನೇ ಕೊಂಚ ತೆಳುವಾಗಿಸಿ, ಅಕ್ಷರವನ್ನು ಹೊಸದಾಗಿಯೇ ಬರೆಯುತ್ತಾನೆ.

ದಪ್ಪ ಗೆರೆಗಳ ನಡುವೆ ಉಳಿಯುವ ಬಿಳಿಯೇ ಇಂತಹ ಅಕ್ಷರದ ಪ್ರಾಣ. ಆಯತವೊಂದರೊಳಗೆ ಹಿಡಿಸುವ ಅತ್ಯಂತ ದೊಡ್ಡ ದೀರ್ಘವೃತ್ತವೂ ಅದರ ಶೇಕಡಾ 78.5ರಷ್ಟನ್ನು ಮಾತ್ರ ವ್ಯಾಪಿಸುವುದರಿಂದ, ‘ಓ’ ಅಕ್ಷರದ ಒಡಲನ್ನು ಬಾಗಿದ ಗೆರೆಯಿಂದಲೇ ರಚಿಸಹೊರಟರೆ, ಮೊದಲೇ ಇಕ್ಕಟ್ಟಾದ ಆ ಬಿಳಿಯಲ್ಲಿ ಐದನೆಯ ಒಂದು ಪಾಲಿಗೂ ಮಿಗಿಲಾದುದು ಮಸಿಗೆ ಸೇರಿಹೋಗುವುದು. ಆದಕಾರಣ ಪಕ್ಕೆಗಳನ್ನು ನೇರಗೊಳಿಸಿ, ದುಂಡುತನವನ್ನೆಲ್ಲ ನಾಲ್ಕು ಮೂಲೆಗಳಿಗೆ ಒಯ್ದು ಸೇರಿಸುತ್ತಾರೆ. ಅದು ಅಲಂಕಾರಕ್ಕಾಗಿ ಅಲ್ಲ: ನಾಲ್ಕೂ ಮೂಲೆ ದುಂಡಾದರೆ ‘ಓ’, ಎಡಗಡೆಯ ಎರಡು ಚೂಪಾಗಿ ಉಳಿದರೆ ‘ಡಿ’! ಇಷ್ಟೊಂದು ಅರ್ಥವನ್ನು ಇಷ್ಟು ಸಣ್ಣ ತಿರುವೊಂದು ಹೊರುವುದನ್ನು ಕಂಡಾಗಲೆಲ್ಲ ನನಗೆ ಆನಂದವಾಗುತ್ತದೆ. ಹೊರಮೂಲೆಯ ತ್ರಿಜ್ಯ 12, ಸುತ್ತಲೂ ಸಮನಾದ ಗೆರೆಯ ದಪ್ಪ 10 ಆದಲ್ಲಿ ಒಳಮೂಲೆಗೆ ಉಳಿಯುವ ತ್ರಿಜ್ಯ ಕೇವಲ 2. ದಪ್ಪವೂ 12 ಆದೊಡನೆ ಒಳಮೂಲೆ ಚೂಪಾಗುತ್ತದೆ. ಹೊರಗೆ ನುಣುಪಾದ ಅಕ್ಷರದೊಳಗೆ ನೆಟ್ಟನೆಯ ಸೀಳು ಕಾಣುವುದು ಇದರಿಂದಲೇ.

ಕನ್ನಡದಲ್ಲಿ ಈ ಸಮಸ್ಯೆ ಮತ್ತಷ್ಟು ಸೂಕ್ಷ್ಮವಾದುದು. ‘ರ’ಕಾರವನ್ನು ‘ಠ’ಕಾರದಿಂದ ಬೇರ್ಪಡಿಸುವುದು ಒಡಲೊಳಗಿನ ಒಂದು ಚುಕ್ಕೆ, ‘ದ’ಕಾರವನ್ನು ‘ಧ’ಕಾರದಿಂದ ಬೇರ್ಪಡಿಸುವುದು ಅಡಿಯ ಒಂದು ಚಿಕ್ಕ ಗೀಟು, ಫಲಕದ ಅಗಲಕ್ಕೆ ಹೊಂದಿಸಲು ಕಂಪ್ಯೂಟರಿನಲ್ಲಿ ಅಕ್ಷರವನ್ನು ಅಮುಕಿದಾಗ ಮೊದಲು ಮಸಿಯಲ್ಲಿ ಮುಳುಗುವುವು ಇವೇ, ಇವುಗಳ ಜೊತೆಗೆ ಒತ್ತಕ್ಷರಗಳು. ಆದುದರಿಂದ ತರುಣ ಓದುಗರಲ್ಲಿ ನನ್ನ ವಿನಂತಿ: ‘ಇಂಪ್ಯಾಕ್ಟ್’ ಫಾಂಟಿನ ‘ಓ’ ಮತ್ತು ‘ಡಿ’ ಅಕ್ಷರಗಳನ್ನು ಪುಟದ ತುಂಬ ಮುದ್ರಿಸಿ, ಅವುಗಳ ಪಕ್ಕೆ, ಅಡ್ಡಗೆರೆ, ಒಳಬಿಳಿಗಳನ್ನು ಅಳತೆಪಟ್ಟಿಯಿಂದ ಅಳೆಯಿರಿ, ಬಳಿಕ ಚೌಕುಳಿ ಕಾಗದದ ಮೇಲೆ ಅದೇ ದಪ್ಪದಲ್ಲಿ ‘ರ, ಠ, ದ, ಧ’ಗಳನ್ನು ಬರೆದು, ಹತ್ತು ಹೆಜ್ಜೆ ಹಿಂದೆ ಸರಿದು, ಎಷ್ಟು ಕಿರಿದಾದ ಅಗಲದವರೆಗೆ ಅವು ಒಂದರಿಂದೊಂದು ಬೇರೆಯಾಗಿ ಓದಿಸಿಕೊಳ್ಳುವುವೆಂದು ಪರೀಕ್ಷಿಸಿರಿ.