ಬಾವಿಗೆ ಬಿದ್ದ ಪಂಪು ತೆಗೆಯುವಾಗ

ನಾಗನೂರ, ಮೂಡಲಗಿ ಭಾಗದಲ್ಲಿ ಘಟಪ್ರಭೆಯ ನೀರಿನ ಜೊತೆಗೆ ಬಾವಿಯೂ ನಮ್ಮ ಕಬ್ಬಿಗೆ ಆಸರೆ. ಪಂಪು ಬಾವಿಗೆ ಬಿತ್ತೆಂದರೆ, ‘ನಾ ಮುಳಗಿ ತರತೇನಿ’ ಎಂದು ಈಜು ಬಲ್ಲ ಹುಡುಗ ಜಿಗಿಯುತ್ತಾನೆ. ಸ್ವಲ್ಪ ತಡೆಯಿರಿ.

ನೀರಿನಲ್ಲಿ ಕಬ್ಬಿಣದ ತೂಕ ಸುಮಾರು ಎಂಟನೆಯ ಒಂದು ಪಾಲು ಕಡಿಮೆ. ಒಳಗೆ 35 ಕಿಲೋ ಅನಿಸಿದ ಪಂಪು ನೀರಿನಿಂದ ಮೇಲೆದ್ದ ಕೂಡಲೇ 40 ಕಿಲೋ ಜಗ್ಗುತ್ತದೆ. ಅದರೊಳಗೆ ತುಂಬಿದ ನೀರಿನ ಭಾರ ಬೇರೆ. ಹಳೆಯ ಹಗ್ಗ ಹರಿಯುವುದು ಆಗಲೇ. ಕೆಳಗೆ ಇದ್ದವನ ಗತಿಯೇನು?

ಹಾಗಾದರೆ ಏನು ಮಾಡಬೇಕು? ಮೊದಲು ಕರೆಂಟು ಬಂದು ಮಾಡಿ, ಫ್ಯೂಜು ಕಿತ್ತು ಕಿಸೆಯಲ್ಲಿಟ್ಟುಕೊಳ್ಳಿರಿ. ದಂಡೆಯಿಂದಲೇ ಪಾತಾಳಗರಡಿ ಬಿಟ್ಟು ನೋಡಿರಿ. ಅದು ಸಾಗದಿದ್ದರೆ ಮಾತ್ರ ಪಳಗಿದವನು ಇಳಿಯಲಿ. ಬಾವಿಯೊಳಗೆ ಡೀಸೆಲ್ ಎಂಜಿನು ಓಡಿಸಿದ್ದಲ್ಲಿ ಯಾರೂ ಇಳಿಯಬಾರದು. ಅದರ ಹೊಗೆ ಜೀವ ತೆಗೆಯುತ್ತದೆ.

ಇಳಿಯುವವನ ಸೊಂಟದ ಹಗ್ಗ ಬೇರೆ, ಪಂಪಿನ ಹಗ್ಗ ಬೇರೆ ಇರಲಿ. ಪಾನಾ, ಹಾರೆ ಸೊಂಟಕ್ಕೆ ಸಿಗಿಸಬೇಡಿರಿ, ಬುಟ್ಟಿಯಲ್ಲಿ ಇಳಿಸಿರಿ. ಮುಳುಗುವ ಮುಂಚೆ ಮೇಲಿಂದ ಮೇಲೆ ಜೋರಾಗಿ ಉಸಿರೆಳೆಯುವುದು ಬೇಡ. ಹಾಗೆ ಮಾಡಿದರೆ ಉಸಿರು ಸಾಲದ ಸುಳಿವೇ ಸಿಗದೆ ನೀರೊಳಗೆ ಎಚ್ಚರ ತಪ್ಪುತ್ತದೆ. ಗಂಟು ಹಾಕಿ ಅವನು ದಂಡೆಗೆ ಬಂದ ಮೇಲೆಯೇ ಎಲ್ಲರೂ ಕೂಡಿ ಜಗ್ಗಿರಿ.

ಪಂಪು ಹೋದರೆ ಇನ್ನೊಂದು ತರಬಹುದು. ಮನೆಯ ಮಗ ಪೇಟೆಯಲ್ಲಿ ಸಿಗುವುದಿಲ್ಲ.