ಎತ್ತುವುದು ಜಾಕ್, ಹೊರುವುದು ನೆಲ

ಮೊಳಕಾಲ್ಮುರು ತಾಲ್ಲೂಕಿನ ಅಶೋಕ ಸಿದ್ದಾಪುರದ ಕಡೆಗೆ ಹೊರಟವರು ಸಾಮಾನ್ಯವಾಗಿ ಬಂಡೆಯ ಮೇಲಿನ ಶಾಸನ ನೋಡಲು ಹೊರಟವರು. 1892ರಲ್ಲಿ ಬಿ.ಎಲ್. ರೈಸ್ ಅವರು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಪತ್ತೆ ಹಚ್ಚಿದ ಮೇಲೆ ಈ ಕಲ್ಲುಗುಡ್ಡಗಳ ಸೀಮೆ ಚರಿತ್ರೆಯ ಪುಸ್ತಕಗಳನ್ನು ಸೇರಿತು. ನಾವು ಹೊರಟದ್ದೂ ಅದಕ್ಕೇ. ಆದರೆ ಆ ದಿನ ಕಲಿತ ಪಾಠ ಶಾಸನದ್ದಲ್ಲ, ಜಾಕ್‌ನದು.

ಗೆಳೆಯನದು ಹಳೆಯ ಜೀಪು. ಹಳ್ಳಕೊಳ್ಳ ದಾಟಲು ಅನುಕೂಲವಾಗಲೆಂದು ಸ್ಪ್ರಿಂಗ್ ಬದಲಿಸಿ ಎತ್ತರಿಸಿ, ದೊಡ್ಡ ಟಯರ್ ಹಾಕಿಸಿದ್ದ. ಹೊಲದ ದಾರಿಯಲ್ಲಿ ಹಿಂದಿನ ಟಯರ್ ಪಂಚರ್ ಆಯಿತು. ಜೀಪಿನಲ್ಲಿದ್ದದ್ದು ಪುಟ್ಟ ಕಾರಿನ ಜಾಕ್. ಅದು ಮೇಲಕ್ಕೆ ಎಟುಕಲಿಲ್ಲ. ಪಕ್ಕದಲ್ಲಿ ಬಿದ್ದಿದ್ದ ಎರಡು ಕಲ್ಲು ಪೇರಿಸಿ, ಅದರ ಮೇಲೆ ಜಾಕ್ ಇಟ್ಟ. ‘ಗೇರಿನಲ್ಲಿ ನಿಲ್ಲಿಸಿದ್ದೇನೆ, ಏನೂ ಆಗುವುದಿಲ್ಲ’ ಎಂದ. ಗಾಲಿ ನೆಲ ಬಿಟ್ಟಿತಷ್ಟೆ, ಜೀಪು ಒಂದು ಗೇಣು ಮುಂದೆ ಸರಿಯಿತು. ಕಲ್ಲು ಉರುಳಿತು, ಜಾಕ್ ಸಿಡಿಯಿತು, ಜೀಪು ಧೊಪ್ಪನೆ ಕುಳಿತಿತು. ಕ್ಷಣದ ಹಿಂದೆ ಅವನ ಕೈ ಗಾಲಿಯ ಕೆಳಗಿತ್ತು. ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ಹತ್ತಿರ ಬಂದು ಕೇಳಿದ್ದು ಒಂದೇ ಮಾತು: ‘ಗಾಲಿಗೆ ಕಲ್ಲು ಕೊಡ್ದೆ ಗಾಡಿ ಎತ್ತಿದ್ರೆ ನಿಲ್ತತೇನಪ್ಪಾ?’

ಆ ಪ್ರಶ್ನೆಯ ಹಿಂದೆ ಎತ್ತಿನ ಗಾಡಿಯ ಕಾಲದ ಅನುಭವವಿದೆ. ಕೀಲೆಣ್ಣೆ ಹಾಕಲು ಗಾಲಿ ಬಿಚ್ಚುವ ಮುನ್ನ ಇನ್ನೊಂದು ಗಾಲಿಗೆ ಕಲ್ಲು ಕೊಡುವುದು, ಎತ್ತಿದ ಅಚ್ಚಿನ ಕೆಳಗೆ ಮರದ ತುಂಡು ನಿಲ್ಲಿಸುವುದು ಹಳ್ಳಿಯಲ್ಲಿ ಯಾರೂ ಹೇಳಿಕೊಡದೆ ಬರುತ್ತಿದ್ದ ವಿದ್ಯೆ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿಯ ದೊಡ್ಡ ತೇರು ಎಳೆಯುವುದನ್ನು ಕಂಡವರಿಗೆ, ಭಾರವನ್ನು ಹೊರಡಿಸುವುದಕ್ಕಿಂತ ಅದನ್ನು ಹಿಡಿದು ನಿಲ್ಲಿಸುವುದೇ ಕಷ್ಟವೆಂದು ಬಿಡಿಸಿ ಹೇಳಬೇಕಾಗಿಲ್ಲ.

ಜಾಕ್ ಎಂಬುದು ಈ ಹಳೆಯ ವಿದ್ಯೆಯ ಯಂತ್ರರೂಪ. ಇಂಗ್ಲಿಷಿನಲ್ಲಿ ‘ಜಾಕ್’ ಎಂದರೆ ಮೊದಲಿಗೆ ಸಾಮಾನ್ಯ ಆಳುಮಗನಿಗೆ ಇಟ್ಟ ಹೆಸರು. ಆಳಿನ ಕೆಲಸ ಮಾಡುವ ಸಾಧನಕ್ಕೂ ಅದೇ ಹೆಸರು ಬಂತು. ಸನ್ನೆಗೋಲು, ತಿರುಪು, ದ್ರವದ ಒತ್ತಡ ಈ ಮೂರರಲ್ಲಿ ಒಂದಲ್ಲ ಒಂದರ ಮೇಲೆ ಜಾಕ್ ಕೆಲಸ ಮಾಡುತ್ತದೆ. ಮುಚ್ಚಿದ ಪಾತ್ರೆಯ ದ್ರವದ ಮೇಲೆ ಬಿದ್ದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂದು 17ನೇ ಶತಮಾನದಲ್ಲಿ ಫ್ರಾನ್ಸಿನ ಪಾಸ್ಕಲ್ ತೋರಿಸಿದ. ಆ ತತ್ವವನ್ನು ಬಳಸಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಒತ್ತುಯಂತ್ರಕ್ಕೆ ಪೇಟೆಂಟ್ ಪಡೆದ. ಚಳ್ಳಕೆರೆಯ ಪಂಚರ್ ಅಂಗಡಿಯಲ್ಲಿ ಹುಡುಗನೊಬ್ಬ ಲಾರಿ ಎತ್ತಲು ಬಳಸುವ ಬಾಟಲ್ ಜಾಕ್ ಅದೇ ವಂಶದ್ದು. ಹೆಚ್ಚುವರಿ ಗಾಲಿಗೆ ನಾವು ಹೇಳುವ ‘ಸ್ಟೆಪ್ನಿ’ ಕೂಡ ಹೊರಗಿನಿಂದ ಬಂದ ಮಾತು. 1904ರಲ್ಲಿ ವೇಲ್ಸ್‌ನ ಲನೆಲ್ಲಿ ಊರಿನಲ್ಲಿ ಹುಟ್ಟಿದ ಹೆಚ್ಚುವರಿ ಗಾಲಿಗೆ ಅಲ್ಲಿನ ಸ್ಟೆಪ್ನಿ ಬೀದಿಯ ಹೆಸರು ಬಂತು. ಅದು ನಮ್ಮಲ್ಲಿ ಬಳಕೆಯ ಮಾತಾಗಿ ಉಳಿಯಿತು.

ಎತ್ತರಿಸಿದ ವಾಹನಕ್ಕೆ ಸಾಮಾನ್ಯ ಜಾಕ್ ಏಕೆ ಸಾಲದು? ಕಾರಣ ಎರಡು. ಜಾಕನ್ನು ಚಾಸಿಗೆ ಕೊಟ್ಟು ಎತ್ತಿದರೆ ಗಾಲಿ ಕೂಡಲೇ ಮೇಲೇಳುವುದಿಲ್ಲ. ಸ್ಪ್ರಿಂಗ್ ಸಡಿಲಗೊಂಡು ಗಾಲಿ ಕೆಳಕ್ಕೆ ಜೋತಾಡುತ್ತದೆ. ಆ ಜೋತು ಮುಗಿಯುವವರೆಗೂ ಎತ್ತುತ್ತಲೇ ಇರಬೇಕು. ಎತ್ತರಿಸಿದ ವಾಹನಗಳಲ್ಲಿ ಈ ಜೋತು ಹೆಚ್ಚಾಗಿರುವುದುಂಟು. ಎರಡನೆಯದಾಗಿ, ವಾಹನದ ತೂಕ ಈಗ ನೆಲದಿಂದ ಇನ್ನಷ್ಟು ಮೇಲಿದೆ. ಹೀಗೆ ಎತ್ತಿದಷ್ಟೂ ಅದು ವಾಲುವ ಅಪಾಯ ಹೆಚ್ಚು.

ಇದಕ್ಕೆ ಸರಳ ಪರಿಹಾರವೆಂದರೆ ಚಾಸಿಯ ಬದಲು ಆಕ್ಸಲ್‌ಗೇ ಜಾಕ್ ಕೊಡುವುದು. ಉದ್ದನೆಯ ಗಟ್ಟಿ ಆಕ್ಸಲ್ ಇರುವ ಕಡೆ, ಸ್ಪ್ರಿಂಗ್ ಎಷ್ಟೇ ಎತ್ತರಿಸಿದರೂ ಆಕ್ಸಲ್ ಇದ್ದಲ್ಲೇ ಇರುತ್ತದೆ. ಅದನ್ನು ಮೇಲೇರಿಸುವುದು ದೊಡ್ಡ ಟಯರ್ ಮಾತ್ರ. ಹಾಗಾಗಿ ಕೆಲವೇ ಅಂಗುಲ ಎತ್ತಿದರೆ ಕೆಲಸವಾಗುತ್ತದೆ. ಈಗಿನ ಅನೇಕ ವಾಹನಗಳ ಮುಂಭಾಗದಲ್ಲಿ ಗಟ್ಟಿ ಆಕ್ಸಲ್ ಇರುವುದಿಲ್ಲ. ಅಲ್ಲಿ ತಯಾರಕರ ಕೈಪಿಡಿ ತೋರಿಸಿದ ಜಾಗವನ್ನೇ ಹುಡುಕಬೇಕು.

ಇನ್ನು ಆಯ್ಕೆಯ ಮಾತು. ಕತ್ತರಿಯಂತೆ ತೆರೆದುಕೊಳ್ಳುವ ತಿರುಪಿನ ಜಾಕ್ ಹಗುರ, ಅಗ್ಗ. ಆದರೆ ಎತ್ತರಿಸದ ಕಾರಿನ ಅಳತೆಗೆ ಮಾಡಿದ್ದು ಇಲ್ಲಿಗೆ ಒದಗದು. ಫಾರ್ಮ್ ಜಾಕ್ ಅಥವಾ ಹೈ-ಲಿಫ್ಟ್ ಎಂದು ಕರೆಯುವ ಆಳೆತ್ತರದ ಕಂಬಿಯ ಜಾಕ್ 1905ರಿಂದ ಅಮೆರಿಕದಲ್ಲಿ ತಯಾರಾಗುತ್ತಿದೆ. ನೋಡಲು ಗಂಭೀರ, ಎತ್ತುವುದೂ ಬಹಳ. ಆದರೆ ಅದಕ್ಕೆ ಗಟ್ಟಿ ಉಕ್ಕಿನ ಬಂಪರ್ ಬೇಕು. ಪಕ್ಕಕ್ಕೆ ವಾಲುವ ಗುಣ ಅದರದು. ಭಾರ ಹೊತ್ತಾಗ ಹಿಡಿಕೆ ಕೈತಪ್ಪಿದರೆ ರಪ್ಪನೆ ಮೇಲಕ್ಕೆ ಬಡಿದು ದವಡೆ ಮುರಿಯಬಲ್ಲದು. ಮರಳು ಸೇರಿದರೆ ಅದರ ಗೂಟಗಳು ಸಿಕ್ಕಿಕೊಳ್ಳುತ್ತವೆ. ಕೆಸರಿನಲ್ಲಿ ಹೂತ ವಾಹನ ಮೇಲೆತ್ತಲು ಪಳಗಿದ ಕೈಗೆ ಅದು ಸರಿ. ಬರೀ ಪಂಚರ್‌ಗೆ ಅದು ಮೊದಲ ಆಯ್ಕೆಯಾಗಬಾರದು. ಆಕ್ಸಲ್‌ಗೆ ಕೊಡುವುದಾದರೆ ಬಾಟಲ್ ಜಾಕ್ ಹೆಚ್ಚು ಭರವಸೆಯದು. ಅದನ್ನು ನೆಟ್ಟಗೆ ನಿಲ್ಲಿಸಬೇಕು, ಅದರ ತಲೆ ಆಕ್ಸಲ್‌ನ ದುಂಡು ಮೈಯಿಂದ ಜಾರದಂತೆ ಕೂರಿಸಬೇಕು.

ಆದರೆ ಯಾವ ಬಾಟಲ್ ಜಾಕ್? ಅಂಗಡಿಯವನು ‘ಐದು ಟನ್ನಿನದು ಸಾರ್’ ಎಂದು ಟನ್ನಿನ ಲೆಕ್ಕ ಹೇಳುತ್ತಾನೆ. ವಾಹನದ ಪೂರ್ತಿ ತೂಕಕ್ಕೆ ಕಡಿಮೆಯಿಲ್ಲದ ಸಾಮರ್ಥ್ಯವಿದ್ದರೆ ಆ ಲೆಕ್ಕ ಮುಗಿಯಿತು. ಕೇಳಬೇಕಾದದ್ದು ಎತ್ತರ. ಮನೆಯ ಮುಂದೆ, ಸಮನೆಲದಲ್ಲಿ, ಒಂದು ಟಯರಿನ ಗಾಳಿ ಇಳಿಸಿ ಆಕ್ಸಲ್‌ನ ಕೆಳಭಾಗ ನೆಲದಿಂದ ಎಷ್ಟಿದೆಯೆಂದು ಟೇಪ್ ಹಿಡಿದು ಅಳೆಯಿರಿ. ಅದು 24 ಸೆಂ.ಮೀ. ಎಂದಿಟ್ಟುಕೊಳ್ಳೋಣ. ಗಾಳಿ ತುಂಬಿದ ಸ್ಟೆಪ್ನಿ ಸಲೀಸಾಗಿ ಕೂರಲು 38 ಸೆಂ.ಮೀ. ಬೇಕೆನ್ನೋಣ. ಮಡಚಿದಾಗ 26 ಸೆಂ.ಮೀ. ಇರುವ ಜಾಕ್ ಕೆಳಗೆ ತೂರುವುದೇ ಇಲ್ಲ. ಪೂರ್ತಿ ಎದ್ದರೂ 34 ಮುಟ್ಟುವ ಜಾಕ್ ನಮ್ಮನ್ನು ಕಲ್ಲು ಹುಡುಕಲು ಕಳಿಸುತ್ತದೆ. 20ರಿಂದ 40ರವರೆಗೆ ಏಳುವುದು ಸರಿಯಾದದ್ದು. ಈ ಎರಡು ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಂಡೇ ಅಂಗಡಿಗೆ ಹೋಗಬೇಕು.

ಜಾಕಿನಷ್ಟೇ ಮುಖ್ಯವಾದದ್ದು ಅದರ ಕೆಳಗಿನ ನೆಲ. ವೇದಾವತಿ ದಂಡೆಯ ಮರಳಾಗಲಿ, ಮಳೆ ಬಿದ್ದ ಎರೆಹೊಲವಾಗಲಿ ಜಾಕನ್ನು ನುಂಗಿಬಿಡುತ್ತದೆ. 12 ಸೆಂ.ಮೀ. ಚೌಕದ ತಳಕ್ಕೆ 144 ಚದರ ಸೆಂ.ಮೀ. ವಿಸ್ತೀರ್ಣ. ಅದರಡಿ 30 ಸೆಂ.ಮೀ. ಚೌಕದ ದಪ್ಪ ಹಲಗೆ ಇಟ್ಟರೆ ಭಾರ 900 ಚದರ ಸೆಂ.ಮೀ.ಗೆ ಹಂಚಿಹೋಗುತ್ತದೆ, ನೆಲದ ಮೇಲಿನ ಒತ್ತಡ ಆರನೇ ಒಂದು ಪಾಲಿಗೆ ಇಳಿಯುತ್ತದೆ. ಪೇರಿಸಿದ ಕಲ್ಲು ಉರುಳುತ್ತದೆ, ಇಟ್ಟಿಗೆ ಪುಡಿಯಾಗುತ್ತದೆ. ಒಂದು ಹಲಗೆ ಎರಡಕ್ಕೂ ಮೇಲು.

ಗೇರಿನಲ್ಲಿದ್ದ ಜೀಪು ಏಕೆ ಸರಿಯಿತು? ಹಿಂದಿನ ಎರಡು ಗಾಲಿಗಳ ನಡುವಿನ ಡಿಫರೆನ್ಷಿಯಲ್ ಒಂದು ಗಾಲಿ ಒಂದು ಕಡೆಗೆ, ಇನ್ನೊಂದು ಅದಕ್ಕೆ ವಿರುದ್ಧವಾಗಿ ತಿರುಗಲು ಬಿಡುತ್ತದೆ. ಒಂದು ಗಾಲಿ ಗಾಳಿಯಲ್ಲಿದ್ದರೆ ಅದು ಹಿಂದಕ್ಕೆ ತಿರುಗಿ, ನೆಲದಲ್ಲಿರುವ ಗಾಲಿ ಮುಂದಕ್ಕೆ ಉರುಳಬಲ್ಲದು. ಗೇರು ಅದನ್ನು ತಡೆಯಲಾರದು. ಹಳೆಯ ವಿಲ್ಲೀಸ್ ಜೀಪುಗಳಲ್ಲಂತೂ ಕೈಬ್ರೇಕ್ ಹಿಡಿಯುತ್ತಿದ್ದುದು ಗಾಲಿಗಳನ್ನಲ್ಲ, ಗೇರುಪೆಟ್ಟಿಗೆಯಿಂದ ಹಿಂದಕ್ಕೆ ಹೋಗುವ ಶಾಫ್ಟನ್ನು. ಅದರಿಂದಲೂ ಇಲ್ಲಿ ಪ್ರಯೋಜನವಿಲ್ಲ. ನೆಲದ ಮೇಲಿರುವ ಗಾಲಿಗಳ ಹಿಂದೆ ಮುಂದೆ ಕೊಟ್ಟ ಕಲ್ಲೇ ಕಾಯುವುದು. ಆ ಕುರಿಗಾಹಿ ಕೇಳಿದ್ದು ಇದನ್ನೇ.

ಉಳಿದದ್ದು ಕ್ರಮ. ಸಮತಟ್ಟಾದ ಜಾಗಕ್ಕೆ ವಾಹನ ತಂದು, ಕುಳಿತವರನ್ನೆಲ್ಲ ಇಳಿಸಬೇಕು. ಗಾಲಿಗಳಿಗೆ ಕಲ್ಲು ಕೊಡಬೇಕು. ಗಾಲಿ ನೆಲದಲ್ಲಿರುವಾಗಲೇ ನಟ್ಟುಗಳನ್ನು ಅರ್ಧ ಸಡಿಲಿಸಬೇಕು. ಎತ್ತಿದ ಮೇಲೆ ಪಾನಾಕ್ಕೆ ಕಾಲು ಕೊಟ್ಟು ತುಳಿದರೆ ಜಾಕ್ ಅಲುಗುತ್ತದೆ. ಗಾಲಿ ಬಿಚ್ಚುವಾಗ ಸ್ಟೆಪ್ನಿಯನ್ನು ಚಾಸಿಯ ಕೆಳಗೆ ಮಲಗಿಸಿಡಬೇಕು. ಜಾಕ್ ಜಾರಿದರೂ ವಾಹನ ಅದರ ಮೇಲೆ ಕೂರುತ್ತದೆ, ಮನುಷ್ಯನ ಮೇಲಲ್ಲ. ಹೊಸ ಗಾಲಿ ಕೂರಿಸುವಾಗ ಬಿಚ್ಚಿದ ಗಾಲಿಯನ್ನು ಅದೇ ಜಾಗಕ್ಕೆ ತಳ್ಳಬೇಕು. ಬರೀ ಜಾಕ್ ಮೇಲೆ ನಿಂತ ವಾಹನದ ಕೆಳಗೆ ತಲೆಯನ್ನಾಗಲಿ ಕೈಯನ್ನಾಗಲಿ ತೂರಿಸಬಾರದು. ರಿಪೇರಿಗೆ ಒಳಗೆ ಹೋಗಲೇಬೇಕಾದರೆ ಗ್ಯಾರೇಜಿನ ಕಬ್ಬಿಣದ ಸ್ಟ್ಯಾಂಡೇ ಬೇಕು.

ವಾಹನ ಎತ್ತರಿಸುವ ಮುನ್ನ ಕಾನೂನನ್ನೂ ನೆನೆಯುವುದು ಲೇಸು. ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ವಾಹನ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ.

ಅಂದು ಆ ಹಿರಿಯರೇ ಗಾಲಿಗಳಿಗೆ ಕಲ್ಲು ಕೊಟ್ಟರು. ಊರಿನ ಟ್ರ್ಯಾಕ್ಟರಿನಿಂದ ಬಾಟಲ್ ಜಾಕ್ ಬಂತು, ಯಾರದೋ ಮನೆಯಿಂದ ಹಲಗೆ ಬಂತು. ಕಾಲು ಗಂಟೆಯಲ್ಲಿ ಗಾಲಿ ಬದಲಾಯಿತು. ಈಗ ಗೆಳೆಯನ ಜೀಪಿನ ಸೀಟಿನಡಿ ಅಳತೆಗೆ ತಕ್ಕ ಜಾಕ್ ಇದೆ, ಒಂದು ಹಲಗೆಯಿದೆ, ಗಾಲಿಗೆ ಕೊಡಲು ಎರಡು ಮರದ ತುಂಡುಗಳಿವೆ.