ನೀರು ಹಯಸಿಂತ್: ಹೂ ಬಿಡುವ ಮೊದಲೇ ಕೀಳಿರಿ

ನೇರಳೆ ಹೂವಿನ ಅಂದಕ್ಕೆ ಮರುಳಾಗಿ ದಕ್ಷಿಣ ಅಮೆರಿಕದಿಂದ ಆಚೆಗೆ ಒಯ್ದ ನೀರು ಹಯಸಿಂತ್ ಇಂದು ನಮ್ಮ ಕೆರೆಗಳಿಗೆ ಕಂಟಕವಾಗಿದೆ. ಕೆಲವೆಡೆ ಇದನ್ನೂ ಅಂತರಗಂಗೆ ಎನ್ನುವುದುಂಟು. ಅನುಕೂಲ ಹವೆಯಲ್ಲಿ ಸುಮಾರು ಎರಡು ವಾರಗಳಲ್ಲಿ ಇದರ ಹರವು ಇಮ್ಮಡಿಯಾಗುತ್ತದೆ. ಅರ್ಧ ಕೆರೆ ಕಿತ್ತು ನಿಲ್ಲಿಸಿದರೆ ಕೂಲಿ ದಂಡ.

ಬೇಸಿಗೆಯಲ್ಲಿ ನೀರು ಇಳಿದು, ಕಳೆ ಕಡಿಮೆ ಜಾಗಕ್ಕೆ ಸೇರಿದಾಗ ಕೆಲಸ ಹಿಡಿಯಿರಿ. ಗಾಳಿ ಅದನ್ನು ಒಂದು ದಡಕ್ಕೆ ತಳ್ಳುತ್ತದೆ. ಅಲ್ಲಿಯೇ ಹಗ್ಗಕ್ಕೆ ಬಿದಿರು ಕಟ್ಟಿ ಅಡ್ಡ ಹಾಕಿದರೆ ಮತ್ತೆ ಚದುರದು. ಎಲೆ ಕುಯ್ದರೆ ಸಾಲದು, ಬುಡಸಮೇತ ಎತ್ತಬೇಕು. ಗಿಡದಿಂದ ಗಿಡಕ್ಕೆ ಹಬ್ಬುವ ಕಾಂಡದ ತುಂಡು ಉಳಿದರೂ ಚಿಗುರುತ್ತದೆ. ಒಬ್ಬರೇ ನೀರಿಗೆ ಇಳಿಯಬಾರದು. ಹೂಳಿನಲ್ಲಿ ಕಾಲು ಸಿಕ್ಕೀತು, ಹಾವೂ ಇದ್ದೀತು.

ಕಿತ್ತದ್ದನ್ನು ನೀರಂಚಿನಲ್ಲಿ ಬಿಟ್ಟರೆ ಮಳೆ ಬಂದಾಗ ಮತ್ತೆ ಕೆರೆ ಸೇರುತ್ತದೆ. ತುಂಬಿದ ಕೆರೆಯ ಮಟ್ಟಕ್ಕಿಂತ ಮೇಲೆ ಹರಡಿ ಬಾಡಿಸಿ. ಹಸಿ ಗಿಡದಲ್ಲಿ ನೂರಕ್ಕೆ 90 ಪಾಲಿಗೂ ಹೆಚ್ಚು ನೀರೇ. ಒಣಗಿದರೆ ಹೊರೆ ಹಗುರ. ಬಾಡಿದ್ದನ್ನು ಸಗಣಿಯೊಡನೆ ಕಾಂಪೋಸ್ಟ್ ಗುಂಡಿಗೆ ಹಾಕಬಹುದು. ಆದರೆ ಪಟ್ಟಣದ ಕೊಳಚೆ ಸೇರುವ ಕೆರೆಯ ಗಿಡ ಸೀಸದಂಥ ವಿಷಲೋಹಗಳನ್ನು ಹೀರಿರಬಹುದು. ಅದು ತರಕಾರಿ ಮಡಿಗೂ ದನದ ಮೇವಿಗೂ ಬೇಡ.

ಹೂ ಬಿಡುವ ಮೊದಲೇ ಕೀಳಿರಿ ಎನ್ನುವುದು ಬೀಜದ ಭಯಕ್ಕೆ. ಅದು ಕೆಸರಿನಲ್ಲಿ 15-20 ವರ್ಷ ಜೀವ ಹಿಡಿದಿರಬಲ್ಲದು. ಆದ್ದರಿಂದ ಕೆರೆ ತಿಳಿಯಾದ ಮೇಲೂ ಹದಿನೈದು ದಿನಕ್ಕೊಮ್ಮೆ ದಡ ಸುತ್ತಿ, ಕಂಡ ಸಸಿಗಳನ್ನು ಆಗಲೇ ಕಿತ್ತುಹಾಕಬೇಕು.